ಗಾಜಿನ ಗಾಡಿಯೊಳಗಿನ ಸದ್ದು

ಮಾರ್ಚ್ 4

ಈ ಪುಸ್ತಕ ನನ್ನದಲ್ಲ. ಆಸ್ಪತ್ರೆಯವರು ನನ್ನ ಹೆಂಡತಿಗೆ ಅಂತ ಕೊಟ್ಟದ್ದು. ಆಪರೇಷನ್ ಆದ ಮೇಲೆ ಬಾಯಿಂದ ಮಾತು ಬರುವುದಿಲ್ಲ, ಬೇಕಾದ್ದನ್ನು ಇದರಲ್ಲಿ ಬರೆದು ತೋರಿಸಲಿ, ಈಗಿನಿಂದಲೇ ರೂಢಿ ಮಾಡಿಕೊಳ್ಳಲಿ ಎಂದು ನರ್ಸು ಪೆನ್ನಿನ ಸಮೇತ ಕೈಗಿಟ್ಟಳು. ಇವಳಿಗೆ ಓದು ಬರಹ ಬರುವುದಿಲ್ಲ ಎಂದು ಹೇಳುವಷ್ಟರಲ್ಲಿ ಆ ನರ್ಸು ಮುಂದಿನ ಹಾಸಿಗೆಗೆ ಹೋಗಿಯಾಗಿತ್ತು. ಇವಳು ಪುಸ್ತಕವನ್ನು ನನ್ನ ಮಡಿಲಿಗೆ ಎಸೆದು, "ನೀವೇ ಬರೀರಿ" ಅಂದಳು. ನಾನೂ ನಾಲ್ಕನೇ ಕ್ಲಾಸಿಗೆ ಬಿಟ್ಟವನೇ. ಆದರೂ ಪುಕ್ಕಟೆ ಬಂದ ಹಾಳೆಯನ್ನು ಖಾಲಿ ಬಿಡಲು ಮನಸ್ಸಾಗಲಿಲ್ಲ. ಓದುವವರು ಯಾರೂ ಇಲ್ಲ, ತಪ್ಪಿದ್ದರೆ ಇರಲಿ.

ವಿಷಯ ಇಷ್ಟೇ. ಇವಳ ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆ ತೆಗೆದುಹಾಕಿದರೆ ಬದುಕುತ್ತಾಳೆ, ಮಾತು ಹೋಗುತ್ತದೆ. ತೆಗೆಯದಿದ್ದರೆ ಎರಡೂ ಹೋಗುತ್ತವೆ. ಡಾಕ್ಟರಮ್ಮ ನಮ್ಮ ಮಗಳಿಗಿಂತ ಚಿಕ್ಕವಳು. ಇದನ್ನು ಬಸ್ಸಿನ ವೇಳೆ ತಿಳಿಸಿದ ಹಾಗೆ ತಿಳಿಸಿದಳು. ಏಪ್ರಿಲ್ ಹತ್ತಕ್ಕೆ ಆಪರೇಷನ್. ಅಲ್ಲಿಯ ತನಕ ಪರೀಕ್ಷೆಗೆ ರಕ್ತ ಕೊಡು, ಗಂಟಲ ಫೋಟೋ ತೆಗೆಸು ಎಂದು ಓಡಾಟ.

ಧ್ವನಿ ಈಗಲೇ ಪಿಸುಗುಟ್ಟುವಷ್ಟು ಉಳಿದಿದೆ. ಬರುವಾಗ ಗಾಡಿಯಲ್ಲಿ ಏನೋ ಹೇಳಿದಳು. ಕೇಳಲಿಲ್ಲ. ಇನ್ನೊಮ್ಮೆ ಹೇಳಿದಳು. ಆಗಲೂ ಕೇಳಲಿಲ್ಲ. "ಜೋರಾಗಿ ಹೇಳೇ!" ಎಂದು ಕಿರುಚಿದೆ. ಆ ಕಡೆ ತಿರುಗಿ ಕೂತವಳು ಮನೆ ಬರುವ ತನಕ ಈ ಕಡೆ ತಿರುಗಲಿಲ್ಲ.

ಮಾರ್ಚ್ 7

ನಾವು ಮಾತಾಡುವುದು ಗಾಡಿಯಲ್ಲಿ ಮಾತ್ರ. ಮನೆಯಲ್ಲಿ ಜಗಳ ಆಡುತ್ತೇವೆ. ಎದುರುಬದುರು ಕೂತರೆ ಅವಳಿಗೆ ನನ್ನ ಮುಖ ಕಾಣುತ್ತದೆ, ನನಗೆ ಅವಳದು, ಅಲ್ಲಿಗೆ ಮುಗಿಯಿತು. ಗಾಡಿಯಲ್ಲಾದರೆ ಇಬ್ಬರಿಗೂ ರಸ್ತೆ ಕಾಣುತ್ತದೆ.

ನನ್ನದು ಗಾಜು ಸಾಗಿಸುವ ಕೆಲಸ. ಗಾಜಿನಂಗಡಿ ಸಾಹುಕಾರರ ಮಾಲು, ನನ್ನ ಪಿಕಪ್ಪು. ಹಿಂದೆ ಇಳಿಜಾರಿನ ಮರದ ಚೌಕಟ್ಟು, ಅದಕ್ಕೆ ದಪ್ಪ ಬಟ್ಟೆ ಹೊಡೆದು, ಗಾಜನ್ನು ಒರಗಿಸಿ, ಬೆಲ್ಟು ಬಿಗಿಯುವುದು. ಎಷ್ಟೇ ಬಿಗಿದರೂ ಹಳ್ಳ ದಿಣ್ಣೆಗೆ ಸಡಿಲವಾಗುತ್ತದೆ. ಸಡಿಲವಾದಾಗ ಗಾಜು ಗಾಜಿಗೆ ತಗುಲಿ ಸಣ್ಣಗೆ ಸದ್ದು ಮಾಡುತ್ತದೆ. ಅದು ನನಗೆ ಯಾವತ್ತೂ ಕೇಳಿಸಿದ್ದಿಲ್ಲ. ಇವಳಿಗೆ ಕೇಳಿಸುತ್ತದೆ. ಎಂಜಿನ್ನು, ಟೈರು, ಗಾಳಿ ಎಲ್ಲದರ ನಡುವೆ, ತೂಕಡಿಸುತ್ತಿದ್ದರೂ, "ರೀ, ಗಾಜು ಗೊಣಗ್ತಿದೆ, ನಿಲ್ಸಿ" ಅನ್ನುತ್ತಾಳೆ. ಇಳಿದು ನೋಡಿದರೆ ಬೆಲ್ಟು ಸಡಿಲವಾಗಿರುತ್ತದೆ. ಸಾಹುಕಾರರು ನನಗೆ ಕೆಲಸ ಕೊಟ್ಟದ್ದು ನನ್ನ ಮುಖ ನೋಡಿ ಅಲ್ಲ, ಅವಳ ಕಿವಿ ನೋಡಿ.

ಈಗ ಅವಳು ನಿಲ್ಸಿ ಅಂದರೂ ನನಗೆ ಕೇಳುವುದಿಲ್ಲ. ತೋಳು ತಟ್ಟುತ್ತಾಳೆ. ಗಾಜಿಗೆ ಅಷ್ಟು ಸಾಕು. ಉಳಿದ ಮಾತಿಗೆ?

ಮಾರ್ಚ್ 9

ಸೀಟು ಹೊಲಿಯುವವನ ಹತ್ತಿರ ಹೋದೆ. ಅವನನ್ನು ಎಲ್ಲರೂ ಗೋಂದು ಅನ್ನುತ್ತಾರೆ. ಹತ್ತಿರ ಹೋದರೆ ಸಾಕು, ಅಂಟಿನ ವಾಸನೆಗೆ ತಲೆ ತಿರುಗುತ್ತದೆ.

"ಗಾಡಿಯೊಳಗೆ ಸದ್ದು ಬರಬಾರದು. ಮಾಡಿಕೊಡು."

"ಯಜಮಾನ್ರೇ, ಇದು ಗಾಡಿಯಲ್ಲ, ಡೋಲು. ಬಾಗಿಲೂ ತಗಡು, ಬೆನ್ನಿಗೂ ತಗಡು. ಸದ್ದು ಬೇಡ ಅಂದ್ರೆ ಕಾರು ತಗೋಬೇಕಿತ್ತು."

"ನಿನ್ನ ತಲೆ. ಆಗುತ್ತೋ ಇಲ್ವೋ ಅಷ್ಟು ಹೇಳು."

"ಆಗುತ್ತೆ. ಪೂರ್ತಿ ಆಗಲ್ಲ. ಯಾಕೆ, ಹಾಡು ಕೇಳ್ಬೇಕಾ ಈ ವಯಸ್ಸಲ್ಲಿ?"

ಉತ್ತರದ ಬದಲು ಎರಡು ಬೈಗುಳ ಕೊಟ್ಟೆ, ನಕ್ಕ.

ಮಾರ್ಚ್ 12

ಸೀಟು ಕಿತ್ತು ಹೊರಗಿಟ್ಟೆವು. ಸೀಟಿನಡಿ ಇವಳ ಹಳೇ ಬಾಚಣಿಗೆ, ಒಂದು ಕಾಲುಚೀಲ, ಗಾಜಿನ ಚೂರು. ನೆಲದ ರಬ್ಬರು ಎತ್ತಿದರೆ ಕೆಳಗೆ ಬರೀ ತಗಡು. ಬೆರಳಲ್ಲಿ ತಟ್ಟಿದರೆ ಟಣ್ ಅಂದಿತು. ಗೋಂದು ಡಾಂಬರಿನ ಹಾಳೆಗಳನ್ನು ಬಿಸಿ ಗಾಳಿ ಹೊಡೆದು ಮೆತ್ತಗೆ ಮಾಡಿ, ಉರುಳೆಯಿಂದ ಒತ್ತಿ ಅಂಟಿಸಿದ. ಆಮೇಲೆ ತಟ್ಟಿದರೆ ಸದ್ದಿಲ್ಲ, ದಪ್ಪ ಪುಸ್ತಕ ತಟ್ಟಿದ ಹಾಗೆ. ಅದರ ಮೇಲೆ ಕಂಬಳಿಯಂಥ ಬಟ್ಟೆ. ಬಾಗಿಲ ಹೊಟ್ಟೆಯೊಳಗೂ ಹೀಗೇ.

ಇವಳು ಸ್ಟೂಲಿನ ಮೇಲೆ ಕೂತು ನೋಡಿದಳು. ಯಾಕೆ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮಾರ್ಚ್ 14

ಆಸ್ಪತ್ರೆ. ನೆಲದ ಸದ್ದು ಇಳಿದಿದೆ. ಅದು ಇಳಿದ ಮೇಲೆ ಗಾಳಿಯ ಸದ್ದು ಕೇಳುತ್ತಿದೆ, ಮೊದಲು ಅದು ಇತ್ತೆಂದೇ ಗೊತ್ತಿರಲಿಲ್ಲ. ಬಾಗಿಲ ಮೇಲಂಚಿನಿಂದ ಶಿಳ್ಳೆ. ಅವಳು ಮಾತಾಡಿದಳು, ಅರ್ಧ ಕೇಳಿತು. ಕೇಳಿದ ಅರ್ಧದಲ್ಲಿ ಏನೂ ಇರಲಿಲ್ಲ.

ಮಗಳು ಸಂಜೆ ಬಂದಿದ್ದಳು. ಶಾಲೆಯಲ್ಲಿ ಲೆಕ್ಕ ಕಲಿಸುತ್ತಾಳೆ, ನಮಗೂ ಅದೇ ದನಿಯಲ್ಲಿ ಕಲಿಸುತ್ತಾಳೆ. "ಅಪ್ಪ, ಈ ಹೊತ್ತಲ್ಲಿ ಗಾಡಿ ರಿಪೇರಿ ಬೇಕಿತ್ತಾ ನಿಂಗೆ? ಅಮ್ಮನ ಕಡೆ ನೋಡು ಸ್ವಲ್ಪ."

"ನೀನು ನೋಡ್ತಿದ್ದೀಯಲ್ಲ, ಸಾಕು."

ಬಾಗಿಲು ಬಡಿದುಕೊಂಡು ಹೋದಳು. ನನ್ನ ಮಗಳೇ.

ಮಾರ್ಚ್ 17

ಬಾಗಿಲ ಸುತ್ತ ಹೊಸ ರಬ್ಬರು ಕೂರಿಸಿದೆವು. ಕಾಗದದ ಚೀಟಿ ಸಂದಿಯಲ್ಲಿಟ್ಟು ಬಾಗಿಲು ಹಾಕುವುದು, ಹೊರಗಿನಿಂದ ಎಳೆಯುವುದು. ಸಲೀಸಾಗಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತದೆ. ಒಳಗೆ ಕೂತು ಚೀಟಿ ಇಡುವ ಕೆಲಸ ಇವಳದು, ಎಳೆಯುವುದು ನನ್ನದು. ಒಂದು ಕಡೆ ಎಷ್ಟೆಳೆದರೂ ಬರಲಿಲ್ಲ. ಭಲೇ ರಬ್ಬರು ಅಂದುಕೊಂಡೆ. ನೋಡಿದರೆ ಒಳಗಿನಿಂದ ಇವಳು ಹಿಡಿದುಕೊಂಡಿದ್ದಾಳೆ, ಗಾಜಿನ ಹಿಂದೆ ನಗುತ್ತಿದ್ದಾಳೆ. ನಗುವಿಗೆ ಸದ್ದಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು.

ಛಾವಣಿ ಮೇಲಿನ ಕಬ್ಬಿಣದ ಕ್ಯಾರಿಯರ್ ಕೂಡ ಬಿಚ್ಚಿಹಾಕಿದೆ. ಗಾಳಿ ಅಲ್ಲೂ ಊಳಿಡುತ್ತಿತ್ತು.

ಮಾರ್ಚ್ 20

ಸೀಟಿನ ಹಿಂದೆ, ತಗಡಿನ ಗೋಡೆಯಲ್ಲಿ, ಗಾಳಿ ಆಡಲಿ ಎಂದು ಕಂಪೆನಿಯವರೇ ಬಿಟ್ಟ ಎರಡು ಕಿಂಡಿಗಳಿವೆ. ಅವನ್ನೂ ಮುಚ್ಚು ಅಂದೆ. ಬೇಡ ಅಂದ ಗೋಂದು. ಮುಚ್ಚು ಅಂದೆ. ಮುಚ್ಚಿದ. ಗೋಡೆಗೆಲ್ಲ ಡಾಂಬರು, ಬಟ್ಟೆ, ಮೇಲೆ ರೆಕ್ಸಿನ್ನು.

"ಯಜಮಾನ್ರೇ, ಇವತ್ತು ಒಂದೂ ಬೈಲಿಲ್ಲ. ಹುಷಾರಿಲ್ವಾ?"

ನಾನು ಯಾವಾಗ ಬೈದಿದ್ದೆ ಇವನಿಗೆ?

ಮಾರ್ಚ್ 21

ಕಿಂಡಿ ಮುಚ್ಚಿದ್ದರಿಂದ ಬಾಗಿಲು ಹಾಕಿದಾಗ ಒಳಗಿನ ಗಾಳಿಗೆ ಹೋಗಲು ಜಾಗವಿಲ್ಲ. ಬಲವಾಗಿ ಬಡಿಯದಿದ್ದರೆ ಬಾಗಿಲು ಕೂರುವುದಿಲ್ಲ. ಇವಳಿಂದ ಆಗಲಿಲ್ಲ. ಎರಡು ಸಲ ಎಳೆದಳು, ಮೂರನೆಯದಕ್ಕೆ ಕೆಮ್ಮು ಬಂತು. ನಾನು ಇಳಿದು ಸುತ್ತಿ ಹೋಗಿ ಹಾಕಿ ಬಂದೆ. ಇಳಿಯುವಾಗಲೂ ನಾನೇ ತೆಗೆಯಬೇಕು. ಎದುರುಮನೆಯ ಪೋಸ್ಟ್‌ಮನ್ ನಿಂತು ನೋಡಿ, "ಏನ್ ಯಜಮಾನ್ರೇ, ಮಂತ್ರಿಗಳ ಡ್ರೈವರ್ ಆಗ್ಬಿಟ್ರಾ?" ಅಂದ. ನಿನ್ನ ಕಾಗದ ನೀನು ಹಂಚು ಅಂದೆ.

ಮಾರ್ಚ್ 23

ಕೇಳಿತು. ಹೆದ್ದಾರಿಯ ವೇಗದಲ್ಲೂ ಕೇಳಿತು.

ಹೇಳಿದ್ದೇನು ಅಂದರೆ, "ಆ ಮಹಡಿ ಮನೆ ಕಿಟಕಿಗೆ ನಾವು ತಂದ ಗಾಜೇ ಇದೆ ನೋಡಿ, ಇನ್ನೂ ಒರೆಸಿಲ್ಲ ಮುಂಡೇವು." ಆಮೇಲೆ ಬ್ಯಾಂಕಿನ ಗಾಜು, ಕ್ಷೌರದಂಗಡಿಯ ಕನ್ನಡಿ. ಅದನ್ನು ಹೊತ್ತು ಮೆಟ್ಟಿಲು ಹತ್ತುವಾಗ ನಾನು ಕನ್ನಡಿಯಲ್ಲಿ ನನ್ನ ಮುಖ ನೋಡಿ ಯಾರೋ ಎದುರು ಬಂದರೆಂದು "ಜರಗಯ್ಯ" ಎಂದು ಬೈದದ್ದು. ನಾನು ಹಾಗೆ ಬೈದಿಲ್ಲ. ಬೈದಿದ್ದೆ ಅಂತಾಳೆ. ಊರು ತುಂಬ ಅವಳಿಗೆ ಗಾಜಿನ ಗುರುತು. ಆಸ್ಪತ್ರೆ ಗೇಟು ಬಂದರೂ ಮುಗಿದಿರಲಿಲ್ಲ. ಸುಮ್ಮನೆ ಇನ್ನೊಂದು ಸುತ್ತು ಹಾಕಿದೆ. ಚೀಟಿ ಕೊಡುವ ಕಿಟಕಿಯವನು ಲೇಟು ಎಂದು ಗೊಣಗಿದ. ಗೊಣಗಲಿ.

ಮಾರ್ಚ್ 27

ಗಾಜು ಹೋಯಿತು.

ಹೊಸ ಕಟ್ಟಡಕ್ಕೆ ಆಳೆತ್ತರದ ಗಾಜುಗಳು. ಇವಳು ಪಕ್ಕದಲ್ಲೇ ಇದ್ದಳು. ದಾರಿಯುದ್ದಕ್ಕೂ ಮಾತಾಡಿದಳು, ನಾನೂ ಆಡಿದೆ. ಅಲ್ಲಿ ಹೋಗಿ ಇಳಿದು ನೋಡಿದರೆ ಬೆಲ್ಟು ಜೋತುಬಿದ್ದಿದೆ, ಚೌಕಟ್ಟಿನಲ್ಲಿ ಅಂಚುಗಳು ಮಾತ್ರ ನಿಂತಿವೆ. ಉಳಿದದ್ದು ಗಾಡಿಯ ತುಂಬ ಕಲ್ಲುಸಕ್ಕರೆಯ ಹಾಗೆ. ದಾರಿಯಲ್ಲೆಲ್ಲೋ ಅದು ಗೊಣಗಿರಬೇಕು, ಕೂಗಿಯೂ ಇರಬೇಕು. ಆ ಹಿಂಗೋಡೆಗೆ ನಾನೇ ಕಂಬಳಿ ಹೊದಿಸಿದ್ದೇನಲ್ಲ.

"ನಂಗೆ ಏನೂ ಕೇಳಿಸ್ಲಿಲ್ಲ ರೀ" ಅಂದಳು. ಅವಳ ಮುಖ ಬಿಳಿಚಿಕೊಂಡಿತ್ತು. ಕಿವಿಯೂ ಹೋಯಿತೇನೋ ಅಂದುಕೊಂಡಿರಬೇಕು. ಕಿವಿ ಸರಿಯಿದೆ, ತಪ್ಪು ನನ್ನದು ಅಂದೆ. ಇಬ್ಬರೂ ಗುಡಿಸಿದೆವು.

ಮಾರ್ಚ್ 28

ಸಾಹುಕಾರರು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. "ನಿಮಗೂ ವಯಸ್ಸಾಯ್ತು, ಮನೇಲೂ ತೊಂದರೆ ಇದೆ. ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ" ಅಂದರು. ಚೌಕಟ್ಟನ್ನು ಅವರ ಆಳುಗಳೇ ಬಿಚ್ಚಿಕೊಂಡರು. ಖಾಲಿ ಗಾಡಿ ಇನ್ನೂ ಹಗುರವಾಗಿ ಓಡುತ್ತದೆ, ಸದ್ದು ಇನ್ನೂ ಕಮ್ಮಿ.

ಏಪ್ರಿಲ್ 1

ಕೊನೆಯ ರಕ್ತಪರೀಕ್ಷೆ ಮುಗಿಸಿ ವಾಪಸ್ಸು.  ಅವಳ ಉಸಿರು ಗಂಟಲಲ್ಲಿ ಸಣ್ಣಗೆ ಸುಯ್ಯೆನ್ನುವುದು ಕೇಳುತ್ತಿತ್ತು. ಮೊದಲಿನ ಗಾಡಿಯಲ್ಲಾಗಿದ್ದರೆ ಅದು ಕೇಳುತ್ತಿರಲಿಲ್ಲ.

ಸೇತುವೆ ದಾಟಿದ ಮೇಲೆ ಹೇಳಿದಳು. "ನಂಗೆ ಆಪರೇಷನ್ ಬೇಡ ರೀ."

ಸ್ಪಷ್ಟವಾಗಿ ಕೇಳಿತು. ಒಂದಕ್ಷರ ಬಿಡದೆ ಕೇಳಿತು.

ನಾನು ಬಾಗಿಲ ಗಾಜು ಇಳಿಸಿದೆ. ಗಾಳಿ ನುಗ್ಗಿತು. ಮನೆಯ ತನಕ ಹಾಗೇ ಓಡಿಸಿದೆ.

ಏಪ್ರಿಲ್ 3

ಕೇಳಿಸಲಿಲ್ಲ ಅಂತ ಅಂದುಕೊಂಡಿರಬಹುದೇ? ಇಲ್ಲ. ಅವಳಿಗೆ ಗೊತ್ತು.

ಹಳೇ ನಾನಾಗಿದ್ದರೆ ಅಲ್ಲೇ ಗದರುತ್ತಿದ್ದೆ. ಬಾಯಿ ಮುಚ್ಚು, ಡಾಕ್ಟರಿಗಿಂತ ನಿಂಗೆ ಹೆಚ್ಚು ಗೊತ್ತಾ ಅಂತ. ನಾಲಿಗೆ ತುದಿಗೆ ಬಂದಿತ್ತು. ಆದರೆ ಇಷ್ಟೆಲ್ಲ ಡಾಂಬರು, ಬಟ್ಟೆ, ರಬ್ಬರು ಅಂಟಿಸಿದ್ದು ಯಾಕೆ? ಅವಳು ಹೇಳಿದ್ದು ಕೇಳಬೇಕು ಅಂತ. ಕೇಳಿದ ಮೇಲೆ ಗದರುವುದಾದರೆ ಆ ಡೋಲೇ ಸಾಕಿತ್ತು.



ಏಪ್ರಿಲ್ 6

ಡಾಕ್ಟರಮ್ಮನ ಕೋಣೆ. ಮಗಳೂ ಬಂದಿದ್ದಳು. ಒಪ್ಪಿಗೆಯ ಕಾಗದ ಮೇಜಿನ ಮೇಲೆ, ಪಕ್ಕದಲ್ಲಿ ಹೆಬ್ಬೆಟ್ಟಿಗೆ ಮಸಿ. ಡಾಕ್ಟರಮ್ಮ ವಿವರಿಸುತ್ತಿದ್ದಾಳೆ, ಮಗಳು ಪ್ರಶ್ನೆ ಕೇಳುತ್ತಿದ್ದಾಳೆ, ಇವಳು ಇಬ್ಬರಿಗೂ ತಲೆಯಾಡಿಸುತ್ತಿದ್ದಾಳೆ. ಇವಳ ಪಿಸುಮಾತಿಗೆ ಆ ಕೋಣೆಯಲ್ಲಿ ಜಾಗವೇ ಇರಲಿಲ್ಲ.

ನಾನು ಅಂದೆ, "ಅವಳಿಗೆ ಬೇಡ."

"ಏನು ಬೇಡ?"

"ಆಪರೇಷನ್. ನನ್ನ ಹತ್ರ ಹೇಳಿದ್ದಾಳೆ."

ಮಗಳು ಎದ್ದು ನಿಂತಳು. "ಅಪ್ಪ! ನಿಂಗೆ ತಲೆ ಸರಿ ಇದೆಯಾ? ಅಮ್ಮ ಹಾಗೆ ಯಾಕೆ ಹೇಳ್ತಾಳೆ?"

ಡಾಕ್ಟರಮ್ಮ ಇವಳ ಕಡೆ ಬಾಗಿದಳು. "ಹೌದೇನಮ್ಮ? ನೀವೇ ಹೇಳಿ. ಯಾರ ಬಲವಂತವೂ ಇಲ್ಲ."

ಇವಳು ಡಾಕ್ಟರನ್ನು ನೋಡಲಿಲ್ಲ, ಮಗಳನ್ನೂ ನೋಡಲಿಲ್ಲ. ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ನಾನು, ನಿನ್ನ ಪರವಾಗಿ ಹೇಳಿದ್ದೇನೆ, ಹೆದರಬೇಡ ಅನ್ನುವ ಹಾಗೆ ತಲೆಯಾಡಿಸಿದೆ. ಆಮೇಲೆ ಅವಳೂ ತಲೆಯಾಡಿಸಿದಳು.

ಮಗಳು ಹೊರಗೆ ಹಜಾರದಲ್ಲಿ ನಿಂತು ಅತ್ತಳು. "ನೀನು ಹೇಳಿದ್ರೆ ಅಮ್ಮ ಯಾವತ್ತಾದ್ರೂ ಇಲ್ಲ ಅಂದಿದ್ದಾಳಾ?" ಅಂದಳು. ಇದು ನನ್ನ ಮಾತಲ್ಲ, ಅವಳದೇ ಮಾತು ಎಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಏಪ್ರಿಲ್ 10

ಇವತ್ತು ಆಗಬೇಕಿತ್ತು. ಕೆರೆ ಕಡೆ ಹೋಗಿ ಬಂದೆವು.

ಏಪ್ರಿಲ್ 19

ಕೆಲಸವಿಲ್ಲ. ಅಪರೂಪಕ್ಕೆ ಯಾರದೋ ಮಂಚ, ಯಾರದೋ ಬೀರು. ದಿನಾ ಇವಳನ್ನು ಕೂರಿಸಿಕೊಂಡು ಒಂದು ಸುತ್ತು. ಮಾತಾಡು ಅಂತೇನೆ. ಆಡುತ್ತಾಳೆ, ಮೊದಲಿನಷ್ಟಿಲ್ಲ. ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಮಾತ್ರ ಇಳಿಯುತ್ತದೆ.

ಗೋಂದು ಸಿಕ್ಕಿದ್ದ. ಕಿಂಡಿ ತೆಗೆಸಿಬಿಡಿ, ಬಾಗಿಲು ಸಲೀಸಾಗುತ್ತೆ ಅಂದ. ಬೇಡ ಅಂದೆ. ನಾನೇ ಹಾಕುತ್ತೇನಲ್ಲ.

ಏಪ್ರಿಲ್ 26

ಉಸಿರಿನ ಸುಯ್ಯೆನ್ನುವ ಸದ್ದು ಮನೆಯಲ್ಲೂ ಕೇಳುತ್ತಿದೆ. ಪಕ್ಕದ ಕೋಣೆಯಿಂದಲೂ.

ಮೇ 3

ಬರೆಯಬಾರದು ಅಂದುಕೊಂಡೆ. ಬರೆಯುತ್ತಿದ್ದೇನೆ.

ಮಧ್ಯಾಹ್ನ ಯಾರದೋ ಮೇಜು ಇಳಿಸಿ ಬರುತ್ತಿದ್ದೆವು. ಅವಳೇ ಶುರು ಮಾಡಿದಳು. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದಳು.

"ನೀವು ಬೈತೀರಾ ಅಂದ್ಕೊಂಡಿದ್ದೆ."

"ಯಾವಾಗ?"

"ಬೇಡ ಅಂದಾಗ."

ಅರ್ಥವಾಗಲಿಲ್ಲ. ಗಾಡಿ ಪಕ್ಕಕ್ಕೆ ಹಾಕಿದೆ.

"ಮದುವೆ ಆದಾಗಿಂದ ನನ್ನ ಒಂದು 'ಬೇಡ' ಕೇಳಿದೀರಾ? ಆ ಮನೆ ಬಿಡೋದು ಬೇಡ ಅಂದೆ, ಬಿಟ್ರಿ. ಗಾಡಿ ಬೇಡ ಅಂದೆ, ತಂದ್ರಿ. ಗೋಡೆಗೆ ಹಸಿರು ಬಣ್ಣ ಬೇಡ ಅಂತ ಬಡ್ಕೊಂಡೆ, ಬಳಿದ್ರಿ. ಇದೊಂದನ್ನ ಯಾಕ್ರೀ ಕೇಳಿದ್ರಿ?"

"ನೀನೇ ಅಲ್ವಾ ಹೇಳಿದ್ದು?"

"ಹೆದರಿಕೆಗೆ ಹೇಳ್ದೆ. ಕತ್ತು ಕುಯ್ತಾರೆ ಅಂದ್ರೆ ಹೆದರಿಕೆ ಆಗಲ್ವಾ? ನೀವು ಬೈದು, ಕೈ ಹಿಡಿದು ಎಳ್ಕೊಂಡು ಹೋಗ್ತೀರಾ ಅಂತ. ಆ ಧೈರ್ಯದ ಮೇಲೆ ಹೇಳ್ದೆ."

"ಮತ್ತೆ ಡಾಕ್ಟರ ಮುಂದೆ ಯಾಕೆ ತಲೆಯಾಡಿಸಿದೆ?"

"ನೀವೇ ಬೇಡ ಅಂದ್ಮೇಲೆ, ನಾನಿನ್ನು ಉಳಿಯಲ್ಲ ಅಂತ ನಿಮಗೆ ಡಾಕ್ಟರು ಗುಟ್ಟಾಗಿ ಹೇಳಿರ್ಬೇಕು ಅಂದ್ಕೊಂಡೆ."

ಇಷ್ಟು ಹೇಳುವಷ್ಟರಲ್ಲಿ ಬೆವತುಹೋಗಿದ್ದಳು. ಪಕ್ಕದಲ್ಲಿ ಲಾರಿಗಳು ಹೋಗುತ್ತಿದ್ದವು. ಒಂದರ ಸದ್ದೂ ಒಳಗೆ ಬರಲಿಲ್ಲ.

ಗಾಡಿ ತಿರುಗಿಸಿ ನೇರ ಆಸ್ಪತ್ರೆಗೆ ಹೋದೆ. ಭಾನುವಾರ, ಡಾಕ್ಟರಮ್ಮ ಇಲ್ಲ. ಬಾಗಿಲ ಕಾವಲಿನವನ ಮೇಲೆ ಕೂಗಾಡಿದೆ. ಅವನೇನು ಮಾಡಿಯಾನು?

ಮೇ 4

ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆವು. ಮಾಡಿ, ಈಗಲೇ ಮಾಡಿ, ಹೆಬ್ಬೆಟ್ಟು ಎಲ್ಲಿ ಒತ್ತಬೇಕು ಹೇಳಿ ಅಂದೆ. ಹೊಸದಾಗಿ ಫೋಟೋ ತೆಗೆಸಿದರು. ಸಂಜೆಯ ತನಕ ಕೂರಿಸಿದರು.

ಡಾಕ್ಟರಮ್ಮ ಈ ಸಲ ಬಸ್ಸಿನ ವೇಳೆ ಹೇಳಿದ ಹಾಗೆ ಹೇಳಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ಕೂತಳು. ಗಡ್ಡೆ ಕತ್ತಿನ ದೊಡ್ಡ ರಕ್ತನಾಳವನ್ನು ಸುತ್ತಿಕೊಂಡಿದೆ. ಈಗ ತೆಗೆಯಲು ಹೋದರೆ ಆಪರೇಷನ್ ಮೇಜಿನ ಮೇಲೇ ಜೀವ ಹೋಗುತ್ತದೆ. ಉಸಿರು ಕಟ್ಟಿದಾಗ ಗಂಟಲಿಗೆ ತೂತು ಮಾಡಿ ನಳಿಕೆ ಇಡಬಹುದು. ಅಷ್ಟೇ.

"ಆವತ್ತು ಮಾಡಿದ್ದರೆ?" ಅಂತ ಅಷ್ಟರಲ್ಲಿ ಬಂದಿದ್ದ ಮಗಳು ಕೇಳಿದಳು. ಡಾಕ್ಟರಮ್ಮ ಮೇಜಿನ ಮೇಲಿನ ಪೆನ್ನನ್ನು ನೇರವಾಗಿ ಸರಿಸಿಟ್ಟಳು.

 ಮಗಳಿಗೆ ನಾನು ಹೇಳಿಲ್ಲ, ಅಮ್ಮ ಯಾಕೆ ಬೇಡ ಅಂದಿದ್ದಳು ಅಂತ. ಹೇಳಿದರೆ ಇಬ್ಬರ ಮೇಲೂ ಸಿಟ್ಟಾಗುತ್ತಾಳೆ. ನನ್ನೊಬ್ಬನ ಮೇಲೆ ಸಾಕು.

ಮೇ 12

ಏನಿಲ್ಲ.

ಮೇ 20

ನಳಿಕೆ ಇಟ್ಟರು. ಉಸಿರು ಕತ್ತಿನಿಂದ ಹೋಗಿ ಬರುತ್ತದೆ. ಮಾತು ಪೂರ್ತಿ ಹೋಯಿತು. ಆಪರೇಷನ್ ಮಾಡಿಸಿದ್ದರೂ ಮಾತು ಹೋಗುತ್ತಿತ್ತು, ಜೀವ ಉಳಿಯುತ್ತಿತ್ತು.

ನರ್ಸು ಇನ್ನೊಂದು ಪುಸ್ತಕ ತಂದಳು, ಬರೆಯಲಿ ಅಂತ. ಅವಳಿಗೆ ಬರೆಯಲು ಬರುವುದಿಲ್ಲ ತಾಯಿ ಅಂದೆ. ಅಯ್ಯೋ ಎಂದು ವಾಪಸ್ಸು ತೆಗೆದುಕೊಂಡು ಹೋದಳು.

ಮೇ 29

ಬಾಯಿ ಆಡಿಸುತ್ತಾಳೆ. ತುಟಿ ನೋಡಿ ತಿಳಿದುಕೊಳ್ಳಬೇಕಾದರೆ ಎದುರು ಕೂರಬೇಕು. ಕೂರುತ್ತೇನೆ. ನೀರು, ದಿಂಬು, ನೋವು. ಅಷ್ಟು ಗೊತ್ತಾಗುತ್ತದೆ. ಉಳಿದದ್ದಕ್ಕೆ ಹೂಂ ಅನ್ನುತ್ತೇನೆ. ಸುಳ್ಳು ಹೂಂ ಅವಳಿಗೆ ತಿಳಿಯುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತಾಳೆ.

ಜೂನ್ 2

ಹೊರಗೆ ಹೋಗೋಣ ಎಂದು ಕೈ ತೋರಿಸಿದಳು. ಎತ್ತಿ ಕೂರಿಸಿದೆ, ತೂಕವೇ ಇಲ್ಲ. ಬಾಗಿಲು ಹಾಕಿದೆ. ಮಾರ್ಕೆಟ್ಟು ದಾಟಿ ಹೊರವರ್ತುಲ ರಸ್ತೆಗೆ ಬಂದೆವು. ಅಲ್ಲಿ ಯಾರದೋ ಗಾಡಿ ಗಾಜು ಹೇರಿಕೊಂಡು ಮುಂದೆ ಹೋಗುತ್ತಿತ್ತು. ಬಿಸಿಲು ಅದಕ್ಕೆ ಬಿದ್ದು ನಮ್ಮ ಕಣ್ಣಿಗೆ ಹೊಡೆಯಿತು.

ಇದ್ದಕ್ಕಿದ್ದ ಹಾಗೆ ಭುಜಕ್ಕೆ ಏಟು ಬಿತ್ತು. ತಟ್ಟಿದ್ದಲ್ಲ, ಹೊಡೆದದ್ದು. ತಿರುಗಿ ನೋಡುವಷ್ಟರಲ್ಲಿ ಇನ್ನೊಂದು. ಮುಷ್ಟಿ ಕಟ್ಟಿಕೊಂಡಿದ್ದಳು. ಕಣ್ಣಲ್ಲಿ ನೀರು, ನಳಿಕೆಯಲ್ಲಿ ಉಸಿರು ಬುಸುಗುಟ್ಟುತ್ತಿತ್ತು. ಮದುವೆಯಾದಾಗಿನಿಂದ ನನ್ನ ಮೇಲೆ ಕೈ ಎತ್ತಿದವಳಲ್ಲ.  ಈ ಸಲ ತಪ್ಪು ತಿಳಿಯಲು ಆ ಏಟಿನಲ್ಲಿ ಏನೂ ಇರಲಿಲ್ಲ.

ಸ್ಟೇರಿಂಗನ್ನು ಬಲಗೈಗೆ ಬದಲಾಯಿಸಿಕೊಂಡು ಎಡಭುಜವನ್ನು ಅವಳ ಕಡೆ ಚಾಚಿದೆ. ಅವಳಿಗೆ ದೂರವಾಗಬಾರದು, ಕೈ ನೋಯಬಾರದು ಅಂತ. ಹೊಡೆದಳು. ಸುಸ್ತಾದಾಗ ನಿಲ್ಲಿಸಿ ಉಸಿರು ಎಳೆದುಕೊಂಡು ಮತ್ತೆ ಹೊಡೆದಳು. ನಾನು ವೇಗ ಇಳಿಸಿದೆ. ಹಿಂದಿನವರು ಹಾರ್ನು ಹೊಡೆಯುತ್ತ, ಬೈಯುತ್ತ ಪಕ್ಕದಿಂದ ಹೋದರು. ಅವರ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು.